ಹಾಯಿಮ್ ಎಂಬ ಹೆಸರಿಗೆ ಒಂದು ಚೀಲ ರಕ್ತ

ರಕ್ತದ ಗುಂಪು ತೋರಿಸುವ ಜೆಲ್ ಕಾರ್ಡು ಸುಳ್ಳು ಹೇಳುವುದಿಲ್ಲ, ಆದರೆ ಒಮ್ಮೊಮ್ಮೆ ಅರ್ಧ ನಿಜ ಹೇಳಿ ಸುಮ್ಮನಾಗಿಬಿಡುತ್ತದೆ. ಉಳಿದರ್ಧವನ್ನು ಅದರ ಬಾಯಿಂದ ಹೊರಡಿಸುವುದೇ ಅಡಿಲೇಡಿನ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ನನ್ನ ಕೆಲಸ. ಅವತ್ತು ಶಸ್ತ್ರಚಿಕಿತ್ಸೆಯ ವಾರ್ಡಿನಿಂದ ಬಂದ ಮಾದರಿ ಎಪ್ಪತ್ತು ದಾಟಿದ ಗಂಡಸಿನದು. ದೊಡ್ಡ ಕರುಳಿನಲ್ಲಿ ಗಡ್ಡೆ, ಅದರಿಂದ ದಿನವೂ ರಕ್ತ ಒಸರುತ್ತಿದೆ, ಬೇಗ ಆಪರೇಷನ್ ಆಗಬೇಕು, ಎರಡು ಚೀಲ ರಕ್ತ ಸಿದ್ಧವಿಡಿ ಎಂದು ಕೇಳಿದ್ದರು. ಕಾರ್ಡಿನಲ್ಲಿ ಹಾಕಿ ನೋಡಿದೆ. ಎ ಇಲ್ಲ, ಬಿ ಇಲ್ಲ. ಅಂದರೆ ಓ ಗುಂಪು. ಓ ರಕ್ತಕ್ಕೆ ನಮ್ಮ ಫ್ರಿಜ್ಜಿನಲ್ಲಿ ಬರವಿಲ್ಲ. ಟೀ ಕುಡಿಯಲು ಹೋಗಬಹುದು ಅಂದುಕೊಂಡೆ.

ಹೋಗಲಾಗಲಿಲ್ಲ. ಅವರ ರಕ್ತದ ತಿಳಿಯನ್ನು ನಮ್ಮಲ್ಲಿದ್ದ ಓ ಕಣಗಳ ಜತೆ ಬೆರೆಸಿದಾಗ ಕಾರ್ಡಿನ ಪ್ರತಿ ಕೊಳವೆಯಲ್ಲೂ ಕಣಗಳು ಒಂದಕ್ಕೊಂದು ಅಂಟಿಕೊಂಡು ಮೇಲೆಯೇ ಕೆಂಪು ಗೆರೆಯಾಗಿ ನಿಂತವು. ಹೊಂದುವ ರಕ್ತವಾಗಿದ್ದರೆ ಅವು ಬಿಡಿಬಿಡಿಯಾಗಿ ತಳಕ್ಕೆ ಇಳಿಯಬೇಕು. ಲೋಕದ ಎಲ್ಲರ ರಕ್ತದೊಂದಿಗೂ ಜಗಳ, ತನ್ನದರೊಂದಿಗೆ ಮಾತ್ರ ಸಮಾಧಾನ. ಇಂಥವರು ಮನುಷ್ಯರಲ್ಲಿ ಬೇಕಾದಷ್ಟಿದ್ದಾರೆ, ರಕ್ತದಲ್ಲಿ ಅಪರೂಪ.

ಇಲ್ಲಿಯ ಗುಡ್ಡಗಳಲ್ಲಿ ಹಳದಿ ಹೂ ಬಿಡುವ ಒಂದು ಮುಳ್ಳುಕಂಟಿ ಇದೆ. ಕೌನ್ಸಿಲಿನವರು ಅದನ್ನು ಕಳೆ ಎಂದು ಕಡಿಸುತ್ತಲೇ ಇರುತ್ತಾರೆ. ಅದೇ ಕಂಟಿಯ ಬೀಜದ ಸಾರ ನಮ್ಮ ಫ್ರಿಜ್ಜಿನಲ್ಲಿ ಪುಟ್ಟ ಬಾಟಲಿಯಲ್ಲಿರುತ್ತದೆ. ಓ ಗುಂಪಿನ ಕಣಗಳಿಗೆ ಅದರ ಒಂದು ಹನಿ ಬಿದ್ದರೆ ಹಾಲು ಒಡೆದಂತೆ ಗಂಟುಗಂಟಾಗುತ್ತವೆ. ಇವರ ಕಣಗಳಿಗೆ ಬಿಟ್ಟೆ, ಕಾದೆ, ಮತ್ತೆ ಬಿಟ್ಟೆ. ಅವು ಹಾಗೇ ನುಣ್ಣಗೆ ಉಳಿದವು. ಬಾಂಬೆ ಗುಂಪು. ಓ ಗುಂಪಿನವರಲ್ಲೂ ಇರುವ ಮೂಲ ಗುರುತೊಂದು ಇವರ ಕಣಗಳ ಮೇಲಿರುವುದಿಲ್ಲ. ಓ ರಕ್ತ ಕೊಟ್ಟರೂ ದೇಹ ಅದನ್ನು ಒಡೆದುಹಾಕುತ್ತದೆ, ಜೀವಕ್ಕೆ ಅಪಾಯ. ಇನ್ನೊಬ್ಬ ಬಾಂಬೆ ಗುಂಪಿನವರು ಕೊಟ್ಟರೆ ಮಾತ್ರ ಉಂಟು. ಈ ಗುಂಪಿನವರು ನಮ್ಮ ದೇಶದಲ್ಲಿ ಅಲ್ಲಲ್ಲಿ ಸಿಕ್ಕಾರು, ಇಲ್ಲಿ ದೀಪ ಹಿಡಿದು ಹುಡುಕಬೇಕು.

ನಮ್ಮ ಹಿರಿಯ ರಕ್ತತಜ್ಞೆ ಸರ್ಜನ್‌ಗೆ ಫೋನು ಮಾಡಿ ಆಪರೇಷನ್ ನಿಲ್ಲಿಸಿದರು. ನಾನು ರಕ್ತ ಸಂಗ್ರಹಿಸುವ ಸಂಸ್ಥೆಯ ಅಪರೂಪದ ಗುಂಪುಗಳ ವಿಭಾಗಕ್ಕೆ ಕೇಳಿದೆ. ಅಲ್ಲಿದ್ದ ಡಾಕ್ಟರು ಹುಡುಕಿ ಹೇಳಿದರು: ಶೈತ್ಯಾಗಾರದಲ್ಲಿ ಈಗ ಒಂದೂ ಇಲ್ಲ, ಕರೆದರೆ ಬರಬಹುದಾದ ದಾನಿಗಳು ಇಬ್ಬರು, ಒಬ್ಬರು ಪರ್ತ್, ಒಬ್ಬರು ಬ್ರಿಸ್ಬೇನ್.

ಪರ್ತಿನವರು ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಶಿಫ್ಟ್ ಮುಗಿಸಿ, ಬೂಟು ಕೂಡ ಬದಲಿಸದೆ ಕೇಂದ್ರಕ್ಕೆ ಓಡಿ ಬಂದರಂತೆ. ಪ್ರಶ್ನೆ ಕೇಳುವಾಗ ಗೊತ್ತಾಯಿತು, ಹೋದ ತಿಂಗಳಷ್ಟೇ ತಂಗಿಯ ಮದುವೆಗೆ ಊರಿಗೆ ಹೋಗಿ ಬಂದಿದ್ದಾರೆ. ಮಲೇರಿಯಾ ಇರುವ ಕಡೆ ಹೋಗಿ ಬಂದವರ ಕೆಂಪು ಕಣಗಳನ್ನು ಇಲ್ಲಿ ಕೆಲವು ತಿಂಗಳು ಮುಟ್ಟುವುದಿಲ್ಲ. ಅವರು ಬಹಳ ಬೇಜಾರು ಮಾಡಿಕೊಂಡು, ಪ್ಲಾಸ್ಮಾನಾದರೂ ತಗೊಳ್ಳಿ ಎಂದು ಕೊಟ್ಟು ಹೋದರಂತೆ. ನಮಗೆ ಬೇಕಿದ್ದದ್ದು ಕೆಂಪು ಕಣ, ಅದು ಉಪಯೋಗಕ್ಕಿಲ್ಲ. ಪಾಪ, ಅವರಿಗೆ ಹಾಗೆಂದು ಯಾರೂ ಹೇಳಲಿಲ್ಲ.

ಉಳಿದವರು ಬ್ರಿಸ್ಬೇನಿನವರು. ಮರುದಿನ ಆ ಡಾಕ್ಟರರ ಫೋನು ಬಂದಾಗ ದನಿ ವಿಚಿತ್ರವಾಗಿತ್ತು. ದಾನಿ ಬಂದಿದ್ದಾರೆ, ಆರೋಗ್ಯವಾಗಿದ್ದಾರೆ, ಆದರೆ ಬೆಳಗ್ಗೆಯಿಂದ ನೀರು ಕೂಡ ಕುಡಿದಿಲ್ಲ, ತಿನ್ನಲು ಕೊಟ್ಟರೆ ಮುಗುಳ್ನಕ್ಕು ಬೇಡ ಅನ್ನುತ್ತಾರೆ, ಬರಿ ಹೊಟ್ಟೆಯಲ್ಲಿ ರಕ್ತ ತೆಗೆದರೆ ತಲೆ ಸುತ್ತಿ ಬೀಳುತ್ತಾರೆ, ಅವರ ಭಾಷೆ ಕನ್ನಡ, ನಿಮಗೆ ಬರುತ್ತದಲ್ಲವೇ? ಅವರೂ ಹೆಸರು ಹೇಳಬಾರದು, ನಾನೂ ಕೇಳಬಾರದು ಎಂಬ ಷರತ್ತಿನ ಮೇಲೆ ದಾನಿಗೆ ಫೋನು ಜೋಡಿಸಿದರು.

"ನೋಡೀಮ್ಮ, ಫಾರೆಸ್ಟ್ ಲೇಕಿಂದ ತಲೆಗೆ ನೀರು ಹಾಕ್ಕೊಂಡು ಮಡೀಲಿ ಬಂದಿದೀನಿ" ಅಂದಿತು ಮೈಸೂರು ಕಡೆಯ ದನಿ. "ದಾನ ಕೊಡಕ್ಕೆ ಮುಂಚೆ ತಿಂತಾರಾ ಯಾರಾದ್ರೂ? ಸೊಸೆ ಹೇಳಿದ್ಲು, ಅತ್ತೆ ತಿಂದ್ಕೊಂಡ್ ಹೋಗಿ ಅಂತ. ನಾನೇ ಕೇಳ್ಲಿಲ್ಲ. ದೇವರ ಕೆಲ್ಸ ಅಲ್ವಾ."

ನನಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಎದುರಿಗೆ ಆಕೆ ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ, ಫೋನಿನಲ್ಲಿ ಬೈದೆ. "ಅಮ್ಮ, ನೀವು ದಾನ ಕೊಡ್ತಿರೋದು ನಿಮ್ಮ ಮೈಯಲ್ಲಿರೋದನ್ನ. ಪಾತ್ರೆ ಖಾಲಿ ಇಟ್ಕೊಂಡು ಬಡಿಸಕ್ಕೆ ಆಗುತ್ತಾ? ಊಟ ಮಾಡಿ, ಚೆನ್ನಾಗಿ ನೀರು ಕುಡೀರಿ. ಆಮೇಲೆ ಕೊಟ್ರೂ ದಾನವೇ."

ಆಕೆ ದನಿ ತಗ್ಗಿಸಿದರು. "ಯಾರಿಗೆ ಅಂತ ಕೇಳ್ಬಾರ್ದು ಅಂದ್ರು. ಹೋಗ್ಲಿ, ವಯಸ್ಸಾದೋರಾ, ಮಗೂನಾ?"

"ಅದೂ ಹೇಳ್ಬಾರ್ದು."

"ಸರಿ ಬಿಡಿ. ಯಾರಾದ್ರೇನು." ಮಗನನ್ನು ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿನಿಂದ ಕರೆಸಿ, ಮನೆಗೆ ಹೋಗಿ ಊಟ ಮಾಡಿ, ಅರ್ವೊ ಬರ್ತೀನಿ ಅಂದರು. ಮಧ್ಯಾಹ್ನಕ್ಕೆ ಇಲ್ಲಿಯವರು ಆಡುವ ಮಾತು ಅದು, ಮೊಮ್ಮಕ್ಕಳಿಂದ ಕಲಿತದ್ದಿರಬೇಕು. ಹೇಳಿದಂತೆ ಮಧ್ಯಾಹ್ನ ಬಂದು ಕೊಟ್ಟರು.

ಪರೀಕ್ಷೆಗಳೆಲ್ಲ ಮುಗಿದು ಆ ಒಂದೇ ಚೀಲ ವಿಮಾನದಲ್ಲಿ ಅಡಿಲೇಡಿಗೆ ಬಂತು. ಬಂದದ್ದು ಮೀನು ಹಿಡಿಯಲು ಹೋಗುವವರು ಬಿಯರ್ ತುಂಬಿಕೊಳ್ಳುವಂಥ ತಂಪು ಪೆಟ್ಟಿಗೆಯಲ್ಲಿ. ರೋಗಿಯ ರಕ್ತದ ತಿಳಿಯ ಜತೆ ಸೇರಿಸಿ ನೋಡಿದೆ. ಕಣಗಳು ಸದ್ದಿಲ್ಲದೆ ತಳಕ್ಕಿಳಿದು ಕುಳಿತವು. ಇಷ್ಟು ದಿನ ಎಲ್ಲರೊಂದಿಗೂ ಜಗಳವಾಡಿದ ರಕ್ತ ಫಾರೆಸ್ಟ್ ಲೇಕಿನ ಅಮ್ಮನ ಮುಂದೆ ತಣ್ಣಗಾಗಿತ್ತು. ಚೀಲಕ್ಕೆ ರೋಗಿಯ ಹೆಸರಿನ ಚೀಟಿ ಕಟ್ಟಿದೆ. ಎರಡು ಬೇಕೆಂದಿದ್ದ ಸರ್ಜನ್ ಒಂದಕ್ಕೇ ಒಪ್ಪಿದ್ದರು, ಏಕೆಂದರೆ ರೋಗಿಯ ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು, ಇನ್ನು ಕಾಯುವಂತಿರಲಿಲ್ಲ. ಮರುದಿನ ಬೆಳಗ್ಗೆ ರಕ್ತ ಕೊಟ್ಟು ಆಪರೇಷನ್ ಥಿಯೇಟರಿಗೆ ಒಯ್ಯುವುದೆಂದು ತೀರ್ಮಾನವಾಯಿತು.

ಬೆಳಗ್ಗೆ ಚೀಲ ಮೇಲೆ ಹೋಯಿತು, ಹೋದ ಹಾಗೇ ವಾಪಸ್ಸು ಬಂತು. ರೋಗಿಯ ಕೈಪಟ್ಟಿಯಲ್ಲಿರುವ ಹೆಸರಿಗೂ ಚೀಲದ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದು ನರ್ಸ್ ಹೇಳಿ ಕಳಿಸಿದ್ದಳು.

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಕೆಂಪು ದೀಪವಿಲ್ಲ. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಿ ಜೀವ ಹೋಗುವುದು ಬಹುಪಾಲು ಹೆಸರಿನ ಎಡವಟ್ಟಿನಿಂದ. ಆದ್ದರಿಂದ ಮಾದರಿಯ ಕೊಳವೆ, ಚೀಲ, ಕೈಪಟ್ಟಿ ಮೂರರಲ್ಲೂ ಹೆಸರು ಒಂದೇ ಇರಬೇಕು. ಇಲ್ಲದಿದ್ದರೆ ದೇವರು ಬಂದು ಹೇಳಿದರೂ ರಕ್ತ ಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ನೋಡಿದೆ. ಅದೇ ಮನುಷ್ಯ, ಅದೇ ಆಸ್ಪತ್ರೆ ಸಂಖ್ಯೆ, ಆದರೆ ಹೆಸರಿನ ಮುಂದೆ ಹಿಂದಿನ ದಿನ ಇನ್ನೊಂದು ಹೆಸರು ಸೇರಿತ್ತು: ಹಾಯಿಮ್. ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ರೋಗಿಯ ಗುಟ್ಟು.

ವಾರ್ಡಿನ ಗುಮಾಸ್ತೆ ಫೋನಿನಲ್ಲಿ ವಿವರಿಸಿದಳು. ರೋಗಿಯ ಹೆಂಡತಿ ಬಂದು, ನಮ್ಮ ಪ್ರಾರ್ಥನಾ ಮಂದಿರದಲ್ಲಿ ಇವರಿಗೆ ಹೊಸ ಹೆಸರು ಕೂಡಿಸಿದ್ದಾರೆ, ಕೈಪಟ್ಟಿಯಲ್ಲೂ ಹಾಕಿ ಎಂದು ಅತ್ತುಕೊಂಡು ಕೇಳಿದರಂತೆ. ಇವಳಿಗೆ ಕನಿಕರವಾಗಿ ಹಾಕಿದಳು. ಈಗ ಹಳೆಯದಕ್ಕೆ ಮರಳಿಸೋಣವೆಂದರೆ ಆಕೆ ಗಂಡನ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕುಳಿತಿದ್ದಾರೆ, ಕತ್ತರಿ ಹತ್ತಿರ ಬಿಡುತ್ತಿಲ್ಲ.

"ಹಿಂದಿನಂತೆ ಮಾಡಿಸಿಬಿಟ್ಟರೆ ಐದು ನಿಮಿಷದ ಕೆಲಸ. ಅವರು ನಿಮ್ಮ ಕಡೆಯವರಂತೆ, ನೀನು ಹೋಗಿ ಒಪ್ಪಿಸು" ಎಂದರು ನಮ್ಮ ರಕ್ತತಜ್ಞೆ. ಸರ್ಜನ್ ಥಿಯೇಟರನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತಾರೆ, ಅದಾದ ಮೇಲೆ ಸರದಿ ಮುಂದಿನವರಿಗೆ. ಮುಂದಿನ ಸರದಿ ಬರುವವರೆಗೆ ಈ ಮನುಷ್ಯ ತಡೆಯುತ್ತಾರೆಂಬ ಭರವಸೆ ಯಾರಿಗೂ ಇರಲಿಲ್ಲ.

ಸಿಟ್ಟಿನಿಂದಲೇ ಲಿಫ್ಟ್ ಹತ್ತಿದೆ. ಮೂರು ಊರಿನವರು ಒಂದು ಚೀಲಕ್ಕಾಗಿ ಒದ್ದಾಡಿದ್ದೇವೆ, ಇನ್ನೇನು ಬಾಯಿಗೆ ಬಂದ ತುತ್ತು, ಇವರಿಗೆ ಈಗಲೇ ನಾಮಕರಣ ಆಗಬೇಕಿತ್ತೇ ಎಂದು ಒಳಗೇ ಗೊಣಗಿಕೊಂಡೆ.

ಹೆಂಡತಿ ಹತ್ತಿ ಸೀರೆಯ ಮೇಲೆ ದಪ್ಪ ಕಾರ್ಡಿಗನ್ ಹಾಕಿಕೊಂಡ ಸಣ್ಣ ಹೆಂಗಸು. ಕೊಂಕಣ ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದ ಯೆಹೂದಿ ಮನೆತನ, ಮನೆಯ ಮಾತು ಮರಾಠಿ. ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿದ್ದವರು, ಹಾಗಾಗಿ ಆಂಟಿಯ ಕನ್ನಡ ಅಪ್ಪಟ ಹುಬ್ಬಳ್ಳಿಯದು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಗಂಡನ ಕೈ ಬಿಟ್ಟು ನನ್ನ ಕೈ ಹಿಡಿದುಕೊಂಡು ಹೊರಗಿನ ಬೆಂಚಿಗೆ ಕರೆದುಕೊಂಡು ಬಂದರು.

"ನಮ್ಮೊಳಗ ಹಂಗೈತಿವಾ ತಂಗಿ. ಭಾಳ ಜಡ್ಡ ಆದವರಿಗೆ ಒಂದ ಹೆಸರ ಕೂಡಸ್ತಾರ. ಸಾವಿನ ದೂತ ಹಳೆ ಹೆಸರ ಹಿಡದ ಹುಡಿಕ್ಕೊಂತ ಬರ್ತಾನ. ಇಲ್ಲಿ ಬ್ಯಾರೆ ಹೆಸರ ಕಂಡ್ರ, ಇವನಲ್ಲ ಅಂತ ಹೊಳ್ಳಿ ಹೊಕ್ಕಾನ. ಹಿರ್ಯಾರು ಕೂಡಿ ಪ್ರಾರ್ಥನಾ ಮಾಡಿ ಇಟ್ಟಾರ."

"ಪ್ರಾರ್ಥನೆಯಲ್ಲಿ ಇದ್ದರೆ ಸಾಕಲ್ವಾ ಆಂಟಿ? ಕೈಪಟ್ಟಿಗೂ ಬೇಕಾ?"

"ಹಿರ್ಯಾರೂ ಅದನ್ನ ಅಂದ್ರು, ಪಟ್ಟಿಗೆ ಬ್ಯಾಡ ಅಂತ. ಆದ್ರ ನೀನ ನೋಡವಾ, ಈ ದವಾಖಾನ್ಯಾಗ ಯಾರ ಬಂದ್ರೂ ಮದಲ ಪಟ್ಟಿ ಓದತಾರ. ಗುಳಿಗಿ ಕೊಡಾಕಿ ಓದತಾಳ, ಊಟ ತರಾಂವ ಓದತಾನ. ಆ ದೂತ ಒಬ್ಬ ಓದಂಗಿಲ್ಲ ಅಂತ ಹೆಂಗ ಹೇಳ್ತಿ?"

ಇಷ್ಟು ವರ್ಷ ಎಲ್ಲರಿಗೂ ನಾನೇ ಕಲಿಸಿದ ಪಾಠವದು: ಪಟ್ಟಿ ಓದದೆ ರೋಗಿಯನ್ನು ಮುಟ್ಟಬೇಡಿ.

ಆ ಹೆಸರಿನ ಅರ್ಥ ಬದುಕು ಎಂದು ಆಂಟಿ ಹೇಳಿದರು. ಅಂಥ ಹೆಸರಿನ ದೊಡ್ಡ ದೊಡ್ಡ ಮಂದಿ ಆಗಿಹೋಗಿದ್ದಾರೆ, ಕವಿಗಳು, ಚಿತ್ರ ಬರೆಯುವವರು, ದೇಶ ಆಳಿದವರು, ಎಲ್ಲರೂ ತುಂಬು ಆಯುಷ್ಯ ಬದುಕಿದವರು ಎಂದೂ ಹೇಳಿದರು. ಎಲ್ಲರೂ ಎಂಬುದನ್ನು ನಾನು ನಂಬಲಿಲ್ಲ, ಆದರೆ ಆಂಟಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಇಷ್ಟೆಲ್ಲ ಮಾತಿನಲ್ಲಿ ಆಕೆ ಒಮ್ಮೆಯೂ ಆ ಹೆಸರನ್ನು ಉಚ್ಚರಿಸಲಿಲ್ಲ. "ಆ ಹೆಸರ" ಎನ್ನುತ್ತಿದ್ದರು. ಕೇಳಿದರೆ ನಾಚಿದರು. "ಗಂಡನ ಹೆಸರ ಹಿಡಿಯೂದ ನಮ್ಮೊಳಗೂ ಇಲ್ಲವಾ. ಹಳೇದೂ ಹಿಡದಿಲ್ಲ, ಇದನ್ನೂ ಹಿಡಿಯಂಗಿಲ್ಲ. ಮಂದಿರದಾಗ ಕಾಗದದ ಮ್ಯಾಲೆ ಬರದ ಕೊಟ್ಟೆ."

ಆಮೇಲೆ ನನ್ನ ಹೆಸರು ಕೇಳಿದರು. ಇಲ್ಲಿಯವರು ನನ್ನನ್ನು ಟಿಪ್ಪಿ ಅನ್ನುತ್ತಾರೆ, ನಾನೂ ಅಷ್ಟಕ್ಕೇ ನಿಲ್ಲಿಸುತ್ತೇನೆ. ಆಂಟಿಗೆ ಪೂರ್ತಿ ಹೇಳಿದೆ. "ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಮಕ್ಕಳು ಅಮ್ಮನ ಕೈಗೆ ಉಳೀಲಿಲ್ಲ. ನಾನು ಹುಟ್ಟಿದಾಗ ಅಜ್ಜಿ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಟ್ಟು ಬಂದ್ರಂತೆ. ಪಕ್ಕದ ಮನೆಯವರು ಎತ್ಕೊಂಡು ಬಂದು, ಯಾರದೋ ಕಸ ಸಿಕ್ತು, ಬೇಕಾ ಅಂತ ಕೇಳಿದ್ರಂತೆ. ಒಂದು ಮೊರ ರಾಗಿ ಕೊಟ್ಟು ಕೊಂಡ್ಕೊಂಡ್ರು. ಸಾವು ಬಂದ್ರೆ ಇದು ಕಸ ಅಂತ ಮೂಸಿ ನೋಡದೆ ಹೋಗಲಿ ಅಂತ."

ಆಂಟಿ ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಹೋತಲ್ಲ?"

"ಹೋಯ್ತು. ಇಲ್ಲೇ ಕೂತಿದೀನಲ್ಲ."

"ಮತ್ತ ನನಗ್ಯಾಕ ಬದಲ ಮಾಡ ಅಂತಿ?"

ಆಕೆ ಜಗಳದ ದನಿಯಲ್ಲಿ ಕೇಳಲಿಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವ ಹಾಗೆ ಕೇಳಿದರು. ಅವರು ಬದುಕು ಎಂದು ಕರೆದು ಸಾವಿನ ದಾರಿ ತಪ್ಪಿಸುತ್ತಾರೆ, ನಾವು ಕಸ ಎಂದು ಕರೆದು ಹೇಸಿಗೆ ಹುಟ್ಟಿಸುತ್ತೇವೆ. ಎರಡೂ ಕಡೆ ಮಾಡುವವರು ಬೇರೇನೂ ದಾರಿ ತೋಚದ ಹೆಂಗಸರು. ನನಗೆ ಅಮ್ಮನ ನೆನಪು ಬಂತು. ನನ್ನನ್ನು ತಿಪ್ಪೆಯ ಮೇಲಿಟ್ಟ ಹೊತ್ತಿನಲ್ಲಿ ಯಾರಾದರೂ ಬಂದು, ಇದೆಲ್ಲ ಬೇಡ, ಒಳ್ಳೆಯ ಹೆಸರಿಡಿ ಎಂದು ಅಮ್ಮನಿಗೆ ಬುದ್ಧಿ ಹೇಳಿದ್ದರೆ?

ರಕ್ತತಜ್ಞೆಗೆ ಅಲ್ಲಿಂದಲೇ ಫೋನು ಮಾಡಿದೆ. ಹಳೆಯ ಹೆಸರು ಬೇಡ, ಹೊಸ ಹೆಸರಿಗೇ ಹೊಸ ಮಾದರಿ ತೆಗೆದು ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡುತ್ತೇನೆ ಅಂದೆ. ಅವರು ಗಡಿಯಾರ ನೋಡಿದ್ದು ಫೋನಿನಲ್ಲೇ ತಿಳಿಯಿತು. ಇದು ವಿಜ್ಞಾನವೇ ಎಂದು ಕೇಳಿದರು. "ಅಲ್ಲ. ಆದರೆ ಎಲ್ಲ ಕಡೆ ಒಂದೇ ಹೆಸರಿರಬೇಕು ಅಂತಷ್ಟೇ ನಿಯಮ ಹೇಳುತ್ತದೆ, ಹಳೆಯದೇ ಇರಬೇಕು ಅಂತ ಹೇಳಿಲ್ಲ" ಅಂದೆ. ಹಾಗಾದರೆ ಮಧ್ಯಾಹ್ನದೊಳಗೆ ಮುಗಿಸು ಅಂದರು.

ರಕ್ತ ತೆಗೆಯುವ ಹುಡುಗಿಯ ಜತೆ ಒಳಗೆ ಹೋದೆವು. ಇಲ್ಲಿ ನನಗೆ ಹೊಳೆಯದೇ ಇದ್ದ ತೊಡಕೊಂದು ಕಾದಿತ್ತು. ಮಾದರಿ ತೆಗೆಯುವ ಮೊದಲು ರೋಗಿ ತನ್ನ ಹೆಸರನ್ನು ತಾನೇ ಪೂರ್ತಿಯಾಗಿ ಹೇಳಬೇಕು, ನಾವು ಹೇಳಿಕೊಡುವಂತಿಲ್ಲ. ಹುಡುಗಿ ಕೇಳಿದಳು. ಅಂಕಲ್ ತಮ್ಮ ಹಳೆಯ ಹೆಸರನ್ನಷ್ಟೇ ಹೇಳಿದರು.

ಹುಡುಗಿ ಸೂಜಿ ಕೆಳಗಿಟ್ಟಳು. ಅಂಕಲ್ ನನ್ನ ಕಡೆ ತಿರುಗಿದರು. ಮುಖ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮಾತ್ರ ಚುರುಕು.

"ಆ ಹೆಸರು ವರ್ಕ್‌ಶಾಪಿನ ಬೋರ್ಡಿನ ಮ್ಯಾಲೆ ಇತ್ತು, ರಿಟೈರ್ ಆಗೋ ತನಕ. ಸಾಯೋ ಮುಂದ ಬ್ಯಾರೆ ಹೆಸರು ಯಾಕ? ನಾ ಇಂಥಾದ್ದೆಲ್ಲ ನಂಬಾಂವಲ್ಲ. ಆಕಿಗೂ ಗೊತ್ತೈತಿ."

ಆಂಟಿ ಹಾಸಿಗೆಯ ಕಾಲಿನ ಬಳಿ ನಿಂತು ಹೊದಿಕೆಯ ಸುಕ್ಕನ್ನು ಒಂದೇ ಸಮನೆ ನೇವರಿಸುತ್ತಿದ್ದರು. ನೇವರಿಸಿದಷ್ಟೂ ಅದು ಮತ್ತೆ ಸುಕ್ಕಾಗುತ್ತಿತ್ತು. ನಾನು ಒಂದು ಮಾತು ಆಡಿದರೂ ಹೇಳಿಕೊಟ್ಟಂತಾಗುತ್ತಿತ್ತು, ಆದ್ದರಿಂದ ತುಟಿ ಕಚ್ಚಿಕೊಂಡು ನಿಂತೆ. ಅಂಕಲ್ ಬಹಳ ಹೊತ್ತು ಹೆಂಡತಿಯ ಕೈಯನ್ನೇ ನೋಡಿದರು.

"ಇನ್ನೊಮ್ಮೆ ಕೇಳಾಕ ಹೇಳು" ಅಂದರು.

ಹುಡುಗಿ ಕೇಳಿದಳು. ನಂಬದ ಮನುಷ್ಯ, ಸ್ಪಷ್ಟವಾಗಿ, ಹಾಜರಿ ಹೇಳುವ ದನಿಯಲ್ಲಿ, ಮೊದಲು ಹಾಯಿಮ್ ಎಂದು, ಆಮೇಲೆ ಉಳಿದ ಹೆಸರನ್ನೂ ಹೇಳಿದರು. ಆಂಟಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಒಣಗಿದ ನರ ಸಿಗಲು ಎರಡು ಕಡೆ ಚುಚ್ಚಬೇಕಾಯಿತು. ಹುಡುಗಿ ಅಲ್ಲೇ ನಿಂತು ಕೊಳವೆಯ ಮೇಲೆ ಹೊಸ ಹೆಸರು ಬರೆದಳು.

ಕೆಳಗೆ ಬಂದು ಮತ್ತೆ ಗುಂಪು, ಮತ್ತೆ ಮುಳ್ಳುಕಂಟಿಯ ಸಾರ, ಮತ್ತೆ ಹೊಂದಾಣಿಕೆ. ಮೈಯ ಬಿಸಿಯಷ್ಟೇ ಬಿಸಿಯ ಪೆಟ್ಟಿಗೆಯಲ್ಲಿ ಕಾರ್ಡು ಕಾಯುವಾಗ ಮಾಡಲು ಏನೂ ಇರುವುದಿಲ್ಲ, ಆತುರಪಟ್ಟರೆ ಕೆಡುತ್ತದೆ. ಆ ಹೊತ್ತಿನಲ್ಲಿ ಆ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಂಟಿ ಹೇಳಿದ್ದು ಸುಳ್ಳಲ್ಲ. ಪುಟದ ತುಂಬ ಹಾಯಿಮ್‌ಗಳು: ಕವಿ, ಚಿತ್ರಕಾರ, ಧರ್ಮಗುರು, ರಾಷ್ಟ್ರಾಧ್ಯಕ್ಷ, ಚದುರಂಗದ ಆಟಗಾರ, ಫುಟ್ಬಾಲ್ ಕಲಿಸುವವನು. ಹುಟ್ಟಿದ ಊರು, ಪಡೆದ ಗೌರವ ಎಲ್ಲ ಇತ್ತು. ಇವರಲ್ಲಿ ಯಾರಿಗೆ ಆ ಹೆಸರು ತೊಟ್ಟಿಲಲ್ಲಿ ಬಂತು, ಯಾರಿಗೆ ಕಾಯಿಲೆಯ ಹಾಸಿಗೆಯಲ್ಲಿ ಹೆಂಡತಿಯೋ ತಾಯಿಯೋ ತಂದುಕೊಟ್ಟರು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ರಕ್ತತಜ್ಞೆ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, ನಮ್ಮ ರೋಗಿ ಇದರಲ್ಲಿಲ್ಲ, 'ಮೇಟ್' ಎಂದು ಕಾರ್ಡು ತೆಗೆದು ಬೆಳಕಿಗೆ ಹಿಡಿದರು. ಕಣಗಳೆಲ್ಲ ತಳದಲ್ಲಿದ್ದವು.

ಚೀಲಕ್ಕೆ ಹೊಸ ಚೀಟಿ ಕಟ್ಟಿ ನಾನೇ ಒಯ್ದೆ. ಕೊಳವೆ, ಚೀಲ, ಪಟ್ಟಿ, ರೋಗಿಯ ಬಾಯಿ, ನಾಲ್ಕೂ ಒಂದೇ ಹೆಸರು ಹೇಳಿದವು. ಫಾರೆಸ್ಟ್ ಲೇಕಿನ ಅಮ್ಮ ಊಟ ಮಾಡಿ ಬಂದು ಕೊಟ್ಟ ರಕ್ತ ಹನಿಹನಿಯಾಗಿ ಇಳಿಯತೊಡಗಿತು. ಪ್ರತಿಕ್ರಿಯೆ ಬರುವುದಿದ್ದರೆ ಮೊದಲ ಕೆಲವು ನಿಮಿಷಗಳಲ್ಲೇ ಬರುತ್ತದೆ. ಜ್ವರ ಇಲ್ಲ, ನಡುಕ ಇಲ್ಲ. ಮಧ್ಯಾಹ್ನಕ್ಕೆ ಅವರನ್ನು ಥಿಯೇಟರಿಗೆ ಒಯ್ದರು. ಗಡ್ಡೆ ಪೂರ್ತಿ ತೆಗೆದೆವು, ರಕ್ತ ಹೆಚ್ಚು ಹೋಗಲಿಲ್ಲ ಎಂದು ಸಂಜೆ ಸರ್ಜನ್ ಹೇಳಿದಾಗ ನಾನು ಲ್ಯಾಬಿನ ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಅತ್ತೆ.

ಬಾಂಬೆ ಗುಂಪಿನವರಿಗೆ ಸದಾ ಜೇಬಿನಲ್ಲಿಟ್ಟುಕೊಳ್ಳಲು ಒಂದು ಕಾರ್ಡು ಕೊಡುತ್ತೇವೆ. ಕೆಲವು ದಿನಗಳ ಮೇಲೆ ಅದನ್ನು ಕೊಡಲು ಹೋದೆ. ಆಂಟಿ ಬಟ್ಟಲಿನಲ್ಲಿ ಮಲಿದಾ ತಂದಿದ್ದರು. ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ, ಹಣ್ಣು ಹೆಚ್ಚಿ ಹಾಕಿದ್ದು, ಹರಕೆ ತೀರಿದಾಗ ಅವರಲ್ಲಿ ಮಾಡುತ್ತಾರಂತೆ. ನನಗೆ ಬೊಗಸೆ ತುಂಬ ಕೊಟ್ಟರು. ಅಂಕಲ್ ಗಾಢ ನಿದ್ದೆಯಲ್ಲಿದ್ದರು. ಅವರನ್ನು ನಡೆಸಲು ಬಂದ ಫಿಸಿಯೊ, ಸರ್, ಸರ್ ಎಂದು ಕರೆದು ಸೋತು, ನೀವೇ ಎಬ್ಬಿಸಿ ಎಂದು ಆಂಟಿಗೆ ಸನ್ನೆ ಮಾಡಿದ.

"ಅಹೋ" ಅಂದರು ಆಂಟಿ. ಮರಾಠಿಯಲ್ಲಿ 'ಏನ್ರೀ' ಅಂದ ಹಾಗೆ, ಮದುವೆಯಾದಾಗಿನಿಂದ ಅವರನ್ನು ಕರೆದದ್ದು ಅಷ್ಟೇ. ಅಂಕಲ್ ಅಲುಗಾಡಲಿಲ್ಲ. ಭುಜ ತಟ್ಟಿದರು, ಆಗಲೂ ಇಲ್ಲ. ಆಂಟಿಯ ಕೈ ಅಲ್ಲೇ ನಿಂತಿತು. ನನ್ನ ಕಡೆ ಒಮ್ಮೆ ನೋಡಿ, ಅಂಕಲ್ ಕಿವಿಯ ಹತ್ತಿರ ಬಗ್ಗಿದರು.

"ಹಾಯಿಮ್" ಅಂದರು.

ಅಂಕಲ್ ಕಣ್ಣು ತೆರೆಯಲಿಲ್ಲ. "ಯಾರನ್ನ ಕರದಿ?"

"ನಿಮ್ಮನ್ನರೀ."

"ಇನ್ನೊಮ್ಮೆ ಕರಿ."

ಆಂಟಿ ಕರೆದರು, ಈ ಸಲ ಸ್ವಲ್ಪ ಗಟ್ಟಿಯಾಗಿ.